ಅಜ್ಜನ ಪಿಯಾನೋ, ಮುತ್ತಜ್ಜಿಯ ಕಾಲುಪೇಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಹುಬ್ಬಳ್ಳಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ರಿಪೇರಿ ಮಾಡುವ ಮನೆತನ. ಅಪ್ಪ ಹಗಲು ರೈಲ್ವೆ ವರ್ಕ್‌ಶಾಪಿನಲ್ಲಿ ಬಡಿಗತನ ಮಾಡಿ, ಸಂಜೆ ಪಡಸಾಲೆಯಲ್ಲಿ ಊರವರ ಹಾರ್ಮೋನಿಯಂ ಬಿಚ್ಚಿ ಹರವಿಕೊಂಡು ಕೂಡುತ್ತಿದ್ದರು. ಆ ಹರವು ಈಗ ನನ್ನ ಪಾಲಿಗೆ ಬಂದಿದೆ. ಪಿಯಾನೋ ನನ್ನ ಮೂಲ ಕಸುಬಲ್ಲ. ಪೇಟಿ ಗೊತ್ತಿದ್ದವನಿಗೆ ಪಿಯಾನೋನೂ ಗೊತ್ತಿರಲೇಬೇಕು ಎಂದು ಜನ ನಂಬಿಬಿಟ್ಟಿದ್ದರಿಂದ ಕಲಿಯದೆ ಬೇರೆ ದಾರಿ ಇರಲಿಲ್ಲ. ಹಳೇ ವಾಡೆ ಕೆಡವುವಾಗ, ಅಣ್ಣತಮ್ಮಂದಿರಲ್ಲಿ ಪಾಲು ಆಗುವಾಗ, ಮಗಳ ಮದುವೆಗೆ ಮನೆಗೆ ಸುಣ್ಣ ಹಚ್ಚುವಾಗ ಫೋನ್ ಬರುತ್ತವೆ. ಕೇಳುವುದು ಹೆಚ್ಚುಕಡಿಮೆ ಇವನ್ನೇ.

ನಮ್ಮ ಮನ್ಯಾಗ ಇರೋದು ಪಿಯಾನೋ ಹೌದೋ ಅಲ್ಲೋ, ಹೆಂಗ ಗೊತ್ತಾಗ್ಬೇಕ್ರಿ?

ನಗಬೇಡಿ, ಇದೇ ನಿಜವಾದ ಮೊದಲ ಪ್ರಶ್ನೆ. "ಪಿಯಾನೋ ನೋಡ ಬರ್ರಿ" ಎಂದು ಕರೆಸಿಕೊಂಡ ಎಷ್ಟೋ ಮನೆಗಳಲ್ಲಿ ನಾನು ನೋಡಿದ್ದು ಕಾಲುಪೇಟಿ, ಅಂದರೆ ಕಾಲಿನಿಂದ ಗಾಳಿ ತುಂಬುವ ಹಾರ್ಮೋನಿಯಂ ಅಥವಾ ಆರ್ಗನ್.

ಕೆಳಗೆ ಕಾಲು ತಾಗಿಸದೆ ಒಂದು ಕೀ ಒತ್ತಿ. ಟಣ್ ಎಂದರೆ ಪಿಯಾನೋ. ಒಳಗೆ ಉಣ್ಣೆ ಸುತ್ತಿದ ಸುತ್ತಿಗೆ ಹೋಗಿ ತಂತಿಗೆ ಬಡಿದಿದೆ. ಸುಮ್ಮನಿದ್ದು, ಕೆಳಗಿನ ಎರಡು ಅಗಲವಾದ ಹಲಗೆ ತುಳಿದಾಗ ಮಾತ್ರ ದನಿ ಬಂದರೆ ಅದು ಗಾಳಿವಾದ್ಯ. ಒಳಗೆ ತಂತಿ ಇಲ್ಲ, ಹಿತ್ತಾಳೆಯ ರೀಡುಗಳಿವೆ, ಅಂದರೆ ಗಾಳಿಗೆ ನಡುಗಿ ದನಿ ಕೊಡುವ ತೆಳು ನಾಲಗೆಗಳು. ಪಿಯಾನೋಕ್ಕೂ ಪೆಡಲ್ ಇರುತ್ತವೆ, ಆದರೆ ಅವು ನೆಲದ ಹತ್ತಿರ ನಾಲಗೆಯಂತೆ ಚಾಚಿದ ಎರಡೋ ಮೂರೋ ಹಿತ್ತಾಳೆ ತುಂಡುಗಳು. ಅವಕ್ಕೂ ಗಾಳಿಗೂ ಸಂಬಂಧವಿಲ್ಲ.

ಎರಡರ ಹುಟ್ಟೂ ಬೇರೆ. ಪಿಯಾನೋ 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಮಾಡಿದ ವಾದ್ಯ. ಹಾರ್ಮೋನಿಯಂ ಎಂಬ ಹೆಸರಿಗೆ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆಯ್ನ್ ಪೇಟೆಂಟ್ ಪಡೆದದ್ದು 1842ರಲ್ಲಿ. ಅದೂ ಕಾಲಿನಿಂದ ತುಳಿಯುವುದೇ. ಕೈಯಿಂದ ಗಾಳಿ ಹಾಕುವ ಪೇಟಿ ನಮ್ಮ ದೇಶದವರು ಆಮೇಲೆ ಕುಂತು ನುಡಿಸಲು ಮಾಡಿಕೊಂಡದ್ದು. ಅಮೆರಿಕದ ಎಸ್ಟಿ, ಮೇಸನ್ ಅಂಡ್ ಹ್ಯಾಮ್ಲಿನ್ ಹೆಸರಿನ ಆರ್ಗನ್‌ಗಳು ಇನ್ನೊಂದು ಜಾತಿ. ಅವು ಗಾಳಿಯನ್ನು ಹೊರಗೆ ದಬ್ಬುವುದಿಲ್ಲ, ಒಳಗೆ ಎಳೆದುಕೊಳ್ಳುತ್ತವೆ, ಅದಕ್ಕೇ ಅವುಗಳ ದನಿ ಮೆತ್ತಗೆ. ಬಾಲಗಂಧರ್ವರ ಕಾಲದ ಮರಾಠಿ ಸಂಗೀತ ನಾಟಕಗಳಲ್ಲಿ ಕೇಳುವ ಆ ತುಂಬು ದನಿ ಆರ್ಗನ್ನಿನದು. ಆ ನಾಟಕ ಕಂಪನಿಗಳು ಹುಬ್ಬಳ್ಳಿ ಧಾರವಾಡಕ್ಕೆ ಬಂದು ತಿಂಗಳುಗಟ್ಟಲೆ ಆಟ ಆಡುತ್ತಿದ್ದವು.

ಅದು ಪಿಯಾನೋನ ಅಂತ ಖಾತ್ರಿ ಆತು. ಮೊದ್ಲ ಏನ್ ಮಾಡ್ಬೇಕು?

ಏನೂ ಮಾಡಬೇಡಿ. ಒರೆಸಬೇಡಿ, ಪಾಲಿಶ್ ಹಚ್ಚಬೇಡಿ, ಒಳಗಿನ ಕಸ ಗುಡಿಸಬೇಡಿ. ಮೇಲಿನ ಮುಚ್ಚಳ ಎತ್ತಿ ಟಾರ್ಚ್ ಹಾಕಿ ನೋಡಿ, ಫೋಟೋ ತೆಗೆಯಿರಿ, ಅಷ್ಟೆ.

ಇದನ್ನು ಹೇಳುವ ಅಧಿಕಾರ ನನಗೆ ಬಂದದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ಇಪ್ಪತ್ತು ವರ್ಷದ ಹಿಂದೆ ಧಾರವಾಡದ ಮಾಳಮಡ್ಡಿಯ ಒಂದು ಮನೆಗೆ ಹೋಗಿದ್ದೆ. ಮದುವೆಗೆ ನಾಲ್ಕು ದಿನ ಇತ್ತು. "ಬೀಗರು ಬರ್ತಾರ, ಅಷ್ಟರಾಗ ಹೊಳೀಬೇಕು" ಎಂದರು ಮನೆಯ ಯಜಮಾನರು. ಕೀಗಳನ್ನು ಒಂದೊಂದೇ ಕಿತ್ತು ಅಂಗಳದಲ್ಲಿ ಹಾಸಿ, ಹಸಿ ಅರಿವೆಯಿಂದ ಎಲ್ಲಾ ಕಡೆ ಉಜ್ಜಿದೆ. ಎಡಗಡೆ ತುದಿಯ ಮೊದಲ ಕೀಯ ಪಕ್ಕೆಯಲ್ಲಿ ಪೆನ್ಸಿಲ್ಲಿನ ಬರಹ ಇದ್ದದ್ದು ನನಗೆ ಕಂಡದ್ದು ಅರ್ಧ ಅಳಿಸಿ ಹೋದ ಮೇಲೆ. ಓರೆ ಬರವಣಿಗೆಯ ಒಂದು ಸಹಿಯ ಬಾಲ, ಅದರ ಮುಂದೆ 19 ಎಂಬ ಅಂಕಿ. ಮುಂದಿನ ಎರಡು ಅಂಕಿ ನನ್ನ ಅರಿವೆಗೆ ಹತ್ತಿದ್ದವು. ಪಿಯಾನೋ ಶ್ರುತಿ ಮಾಡುವವರು ತಮ್ಮ ಹೆಸರು, ತಾರೀಖು ಬರೆಯುವುದು ಅಲ್ಲೇ, ಹೊರಗೆ ಯಾರಿಗೂ ಕಾಣದ ಜಾಗದಲ್ಲಿ. ಆ ಮನೆಯ ಮೊಮ್ಮಗಳು ಪ್ರತಿ ಸಲ ಭೇಟಿಯಾದಾಗ "ಮಾಮಾ, ನಮ್ಮ ಪಿಯಾನೋ ಯಾವ ಇಸ್ವಿದು?" ಎಂದು ಕೇಳುತ್ತಾಳೆ. ನನ್ನ ಹತ್ತಿರ ಉತ್ತರ ಇಲ್ಲ.

ನಂಬರ್ ಎಲ್ಲಿರ್ತೈತಿ?

ಪಿಯಾನೋದ ಮೇಲಿನ ಮುಚ್ಚಳ ಎತ್ತಿದರೆ ತಂತಿ ಸುತ್ತಿದ ಉಕ್ಕಿನ ಮೊಳೆಗಳ ಸಾಲು ಕಾಣುತ್ತದೆ. ಅದರ ಆಸುಪಾಸಿನಲ್ಲಿ ಎರಕದ ಕಬ್ಬಿಣದ ಚೌಕಟ್ಟಿನ ಮೇಲೆ ಬಣ್ಣದಲ್ಲಿ ಬರೆದೋ, ಮರದಲ್ಲಿ ಒತ್ತಿಯೋ ನಂಬರ್ ಹಾಕಿರುತ್ತಾರೆ. ಅಲ್ಲಿ ಇಲ್ಲದಿದ್ದರೆ ಮುಚ್ಚಳದ ಒಳಮೈ, ಹಿಂಬದಿಯ ತೊಲೆಗಳು, ಮೊದಲ ಇಲ್ಲವೆ ಕೊನೆಯ ಕೀಯ ಪಕ್ಕೆ ನೋಡಿ. ಆರ್ಗನ್ ಆದರೆ ಹಿಂದಿನ ಹಲಗೆ ಬಿಚ್ಚಬೇಕು.

ಸಿಕ್ಕ ಅಂಕಿಯೆಲ್ಲಾ ಪಿಯಾನೋದ ನಂಬರಲ್ಲ. ಕಬ್ಬಿಣದಲ್ಲೇ ಉಬ್ಬಿ ಬಂದದ್ದು ಎರಕದ ಅಚ್ಚಿನ ನಂಬರ್. ಅದು ಅದೇ ಅಚ್ಚಿನ ನೂರು ಪಿಯಾನೋಗಳಲ್ಲಿ ಇರುತ್ತದೆ. ಪೇಟೆಂಟ್ ನಂಬರ್ ಬೇರೆ. ಒಂದೇ ಅಂಕಿ ಎರಡು ಬೇರೆ ಬೇರೆ ಜಾಗದಲ್ಲಿ, ಉದಾಹರಣೆಗೆ ಚೌಕಟ್ಟಿನ ಮೇಲೂ ಕೀಯ ಮೇಲೂ ಸಿಕ್ಕರೆ ಅದನ್ನು ನಂಬಬಹುದು.

ನಂಬರ್ ಸಿಕ್ತು, ಇಸ್ವಿ ಹೆಂಗ ತಿಳೀತೈತಿ?

ದೊಡ್ಡ ಹೆಸರಿನ ಕಂಪನಿಗಳದಾದರೆ ಇದು ಐದು ನಿಮಿಷದ ಕೆಲಸ. ಬೆಕ್‌ಸ್ಟೈನ್, ಬ್ಲೂತ್ನರ್, ಸ್ಟೈನ್‌ವೇ ಮೂರೂ ಹುಟ್ಟಿದ್ದು ಒಂದೇ ವರ್ಷ, 1853ರಲ್ಲಿ, ಬರ್ಲಿನ್, ಲೈಪ್‌ಜಿಗ್, ನ್ಯೂಯಾರ್ಕಿನಲ್ಲಿ. ಯಾವ ವರ್ಷ ಯಾವ ನಂಬರಿನಿಂದ ಯಾವ ನಂಬರಿನ ತನಕ ಮಾಡಿದರು ಎಂಬ ಪಟ್ಟಿಗಳು ಅಂತರ್ಜಾಲದಲ್ಲೇ ಸಿಗುತ್ತವೆ. ಪಿಯಾನೋ ತಯಾರಕರ ನಂಬರುಗಳನ್ನೆಲ್ಲ ಕೂಡಿಸಿದ ಪಿಯರ್ಸ್ ಪಿಯಾನೋ ಅಟ್ಲಾಸ್ ಎಂಬ ದಪ್ಪ ಪುಸ್ತಕವೂ ಇದೆ. ಲಂಡನ್ನಿನ ಬ್ರಾಡ್‌ವುಡ್ ಕಂಪನಿಯ ಹಳೇ ಲೆಕ್ಕದ ಪುಸ್ತಕಗಳು ಇಂಗ್ಲೆಂಡಿನ ಸರ್ರಿ ಹಿಸ್ಟರಿ ಸೆಂಟರ್‌ನಲ್ಲಿ ಜೋಪಾನವಾಗಿವೆ. ಬ್ರಾಡ್‌ವುಡ್ ಇದ್ದವರು ಆ ಲೆಕ್ಕದಲ್ಲಿ ತಮ್ಮ ಪಿಯಾನೋವನ್ನೇ ಹುಡುಕಿಸಬಹುದು.

ಆದರೆ ನಮ್ಮ ಭಾಗದಲ್ಲಿ ಸಿಗುವ ಬಹಳಷ್ಟು ಪಿಯಾನೋಗಳ ಮೇಲೆ ಇರುವುದು ಮಾಡಿದವರ ಹೆಸರಲ್ಲ, ಮಾರಿದವರ ಹೆಸರು. ಮುಂಬಯಿಯ ರೋಸ್ ಅಂಡ್ ಕಂಪನಿ, 1865ರಿಂದ ಇರುವ ಫುರ್ಟಾಡೋಸ್, ಮದ್ರಾಸಿನ ಮಿಸ್ಕ್ವಿತ್ ಇಂಥವು ಮಾರಾಟಗಾರರು. ಮೇಲಿನ ಹೆಸರು ಅಂಗಡಿಯದು, ಒಳಗಿನ ವಾದ್ಯ ಬರ್ಲಿನ್ನಿನ ಯಾವುದೋ ಹೆಸರಿಲ್ಲದ ಕಾರ್ಖಾನೆಯದು ಆಗಿರಬಹುದು. ಆಗ ಪಟ್ಟಿ ಬಿಟ್ಟು ವಾದ್ಯವನ್ನೇ ಓದಬೇಕು.

ಹೆಸರೂ ಇಲ್ಲ, ನಂಬರೂ ಇಲ್ಲ. ಏನೂ ತಿಳಿಯಂಗಿಲ್ಲೇನು?

ಬಹಳ ತಿಳಿಯುತ್ತದೆ. ನನಗೆ ಇದೇ ಎಲ್ಲಕ್ಕಿಂತ ರುಚಿಯ ಕೆಲಸ.

ಮುಚ್ಚಳದ ಒಳಗೆ ಪದಕಗಳ ಚಿತ್ರ ಇವೆಯೇ ನೋಡಿ. ಆ ಕಾಲದ ತಯಾರಕರು ಲೋಕಪ್ರದರ್ಶನಗಳಲ್ಲಿ ಗೆದ್ದ ಪದಕಗಳನ್ನು ಎದೆಗೆ ಸಿಕ್ಕಿಸಿಕೊಂಡ ಪೈಲ್ವಾನರಂತೆ ತೋರಿಸಿಕೊಳ್ಳುತ್ತಿದ್ದರು. ಲಂಡನ್ 1851, 1862. ಪ್ಯಾರಿಸ್ 1867, 1878, 1889, 1900. ಎಲ್ಲಕ್ಕಿಂತ ಕೊನೆಯ ಪದಕದ ಇಸ್ವಿಗಿಂತ ನಿಮ್ಮ ಪಿಯಾನೋ ಹಳೆಯದಾಗಿರಲು ಸಾಧ್ಯವಿಲ್ಲ. 1878ರ ಪದಕ ಇದ್ದು 1889ರದ್ದು ಇಲ್ಲದಿದ್ದರೆ ಆ ಹನ್ನೊಂದು ವರ್ಷಗಳ ನಡುವೆ ಎಂದು ಹಿಡಿಯಬಹುದು, ಆದರೆ ಇದು ಅಂದಾಜು. ಎರಡನೇ ಸಲ ಗೆಲ್ಲದವರೂ ಇದ್ದಾರಲ್ಲ.

"ಮೇಡ್ ಇನ್ ಜರ್ಮನಿ" ಎಂದು ಅಚ್ಚಾಗಿದ್ದರೆ ಸಾಮಾನ್ಯವಾಗಿ 1887ರ ನಂತರದ್ದು. ಆ ವರ್ಷ ಬ್ರಿಟಿಷರು ಮಾಡಿದ ಕಾನೂನಿನಿಂದ ಹೊರದೇಶದ ಸಾಮಾನಿನ ಮೇಲೆ ದೇಶದ ಹೆಸರು ಹಾಕುವುದು ಶುರುವಾಯಿತು. "ವೆಸ್ಟ್ ಜರ್ಮನಿ" ಎಂದಿದ್ದರೆ ಎರಡನೇ ಮಹಾಯುದ್ಧ ಮುಗಿದ ಮೇಲಿನದು, ಅಜ್ಜನ ಅಜ್ಜ ತಂದದ್ದು ಎಂಬ ಕಥೆಗೆ ಅಲ್ಲಿಗೆ ಮಂಗಳ.

ಕೀಗಳನ್ನು ಎಣಿಸಿ. ಈಗಿನ ಪಿಯಾನೋಕ್ಕೆ 88. ನಿಮ್ಮದರಲ್ಲಿ 85 ಬಂದರೆ ಹತ್ತೊಂಬತ್ತನೇ ಶತಮಾನದ್ದೋ ಇಪ್ಪತ್ತನೆಯದರ ಶುರುವಿನದೋ ಇರಬೇಕು. ತಂತಿಗಳು ಎಲ್ಲವೂ ಒಂದೇ ದಿಕ್ಕಿಗೆ ನೆಟ್ಟಗೆ ಇಳಿದಿದ್ದರೆ ಹಳೇ ರೀತಿ. ದಪ್ಪ ತಂತಿಗಳು ಸಣ್ಣವುಗಳ ಮೇಲೆ ಓರೆಯಾಗಿ ಹಾದಿದ್ದರೆ ನಂತರದ ರೀತಿ. ಇನ್ನೊಂದು ಗುರುತು: ಸುತ್ತಿಗೆಗಳ ಮುಂದೆ ತಂತಿಯ ಜಾಲರಿ, ಹಕ್ಕಿ ಪಂಜರದಂತೆ ಕಂಡರೆ ಅದು ಇಂಗ್ಲೆಂಡಿನ ಹಳೇ ಬಗೆಯ ಯಂತ್ರ. ನೋಡಲು ಚಂದ, ಆದರೆ ರಿಪೇರಿ ಮಾಡುವವರು ಅದನ್ನು ಕಂಡ ಕೂಡಲೆ ನಿಟ್ಟುಸಿರು ಬಿಡುತ್ತಾರೆ.

ಒಳಗೆ "ಎಕ್ಸ್‌ಟ್ರೀಮ್ ಕ್ಲೈಮೇಟ್ಸ್" ಎಂಬ ಪದ ಕಂಡರೆ ಖುಷಿಪಡಿ. ಸೆಕೆ, ಮಳೆ ಇರುವ ನಮ್ಮಂಥ ದೇಶಗಳಿಗೆಂದೇ ಮಾಡಿದ್ದು ಅದು. ಅಂಟಿನ ಮೇಲಷ್ಟೇ ಭರವಸೆ ಇಡದೆ ಹಿತ್ತಾಳೆಯ ಸ್ಕ್ರೂ ಹಾಕಿ ಬಿಗಿದಿರುತ್ತಾರೆ.

ಅಂಗಡಿ ಚೀಟಿ, ಪಾವತಿ ಸಿಕ್ಕೈತಿ, ಆದ್ರ ತಾರೀಖ ಹರಿದೈತಿ.

ತಾರೀಖು ಹೋದರೂ ಕಾಲ ಹೋಗಿರುವುದಿಲ್ಲ. ಲೆಕ್ಕ ರೂಪಾಯಿ, ಆಣೆ, ಪೈಯಲ್ಲಿ ಇದ್ದರೆ 1957ರ ಏಪ್ರಿಲ್‌ಗಿಂತ ಮುಂಚಿನದು. "ನಯಾ ಪೈಸೆ" ಇದ್ದರೆ 1957ರಿಂದ 1964ರ ಒಳಗೆ. ಅಂಗಡಿಯ ವಿಳಾಸ ಬರೇ "ಬಾಂಬೇ 2" ಎಂದಿದ್ದರೆ ಪಿನ್ ಕೋಡ್ ಬರುವ ಮುಂಚೆ, ಅಂದರೆ 1972ರ ಆಗಸ್ಟ್‌ಗಿಂತ ಹಿಂದಿನ ಚೀಟಿ. ಆರು ಅಂಕಿಯ ಪಿನ್ ಇದ್ದರೆ ನಂತರದ್ದು. ಗಿರಾಕಿಯ ವಿಳಾಸದಲ್ಲಿ ಧಾರವಾಡವನ್ನು ಬಾಂಬೇ ಪ್ರಾಂತದ್ದು ಇಲ್ಲವೆ ಬಾಂಬೇ ರಾಜ್ಯದ್ದು ಎಂದು ಬರೆದಿದ್ದರೆ 1956ರ ನವೆಂಬರ್‌ಗಿಂತ ಮೊದಲು. "ಮೈಸೂರು ರಾಜ್ಯ" ಎಂದಿದ್ದರೆ 1956ರಿಂದ 1973ರ ನಡುವೆ. "ಜಿಲ್ಲಾ ಗದಗ", "ಜಿಲ್ಲಾ ಹಾವೇರಿ" ಎಂದು ಕಂಡರೆ ಅದು 1997ರಿಂದ ಈಚಿನ ಬರಹ, ಅದಕ್ಕೂ ಮುಂಚೆ ಎರಡೂ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಹೀಗೆ ಒಂದು ಹರಿದ ಚೀಟಿಯಿಂದ ಹತ್ತು ವರ್ಷದ ಕಿಂಡಿ ಹಿಡಿಯಬಹುದು.

ಮನೆಯ ಹಳೇ ಖಿರ್ದಿ, ಖಾತೆ ಪುಸ್ತಕಗಳಿದ್ದರೆ ರದ್ದಿಗೆ ಹಾಕಬೇಡಿ. ನಮ್ಮ ಭಾಗದ ಎಷ್ಟೋ ಹಳೇ ಲೆಕ್ಕಗಳು ಮೋಡಿ ಲಿಪಿಯಲ್ಲಿ, ಅಂದರೆ ಅಕ್ಷರ ಕೂಡಿಸಿ ಬರೆಯುವ ಹಳೇ ಲಿಪಿಯಲ್ಲಿ, ಇರುತ್ತವೆ. ಅದು ಗೀಚಿದ ಹಾಗೆ ಕಾಣುತ್ತದೆ, ಹಾಗಂತ ಗೀಚಿದ್ದಲ್ಲ. ಮೋಡಿ ಓದುವ ಹಿರಿಯರು ಧಾರವಾಡದಲ್ಲಿ ಇನ್ನೂ ಸಿಗುತ್ತಾರೆ. "ಬಾಜಾ" (ವಾದ್ಯ) ಎಂಬ ಎರಡಕ್ಷರ, ಮುಂದೆ ಒಂದು ಮೊತ್ತ, ಇಷ್ಟು ಸಿಕ್ಕರೂ ಸಾಕು. ಮದುವೆ ಫೋಟೋಗಳನ್ನೂ ನೋಡಿ. ಮದುಮಕ್ಕಳನ್ನು ಬಿಟ್ಟು ಅವರ ಹಿಂದಿನ ಗೋಡೆ ನೋಡಿ.

ಇಂಥ ವಾದ್ಯ ನಮ್ಮ ಕಡೆ ಹೆಂಗ ಬಂತ್ರಿ?

ಮುಖ್ಯವಾಗಿ ಮೂರು ದಾರಿ.

ಒಂದು ಬಾಸೆಲ್ ಮಿಷನ್. ಅವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839, ಗದಗಿನ ಬೆಟಗೇರಿಗೆ 1841. ಪ್ರಾರ್ಥನೆಯ ಹಾಡಿಗೆ ಹಾರ್ಮೋನಿಯಂ, ಆರ್ಗನ್ ಬೇಕಲ್ಲ. 1914ರ ಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿ ಇಟ್ಟರು. ಮನೆ ಹೀಗೆ ಖಾಲಿಯಾದಾಗ ಸಾಮಾನು ಯಾರ್ಯಾರದೋ ಕೈ ಸೇರುತ್ತದೆ. ಬಾಸೆಲ್ ಮಿಷನ್ನಿನ ಹಳೇ ಫೋಟೋ ಸಂಗ್ರಹ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಧಾರವಾಡ, ಬೆಟಗೇರಿಯ ಬಂಗಲೆಗಳ ಫೋಟೋಗಳೂ ಅದರಲ್ಲಿವೆ. ಒಂದು ರವಿವಾರ ಅದರಲ್ಲೇ ಕಳೆದುಹೋಗುತ್ತದೆ, ಎಚ್ಚರ.

ಎರಡು ರೈಲ್ವೆ. ಸದರ್ನ್ ಮರಾಠಾ ರೈಲ್ವೆ 1882ರಲ್ಲಿ ಶುರುವಾಗಿ, 1908ರಲ್ಲಿ ಮದ್ರಾಸ್ ರೈಲ್ವೆಯ ಜೋಡಿ ಕೂಡಿಕೊಂಡು ಎಂ. ಅಂಡ್ ಎಸ್.ಎಂ. ಆಯಿತು. ಅದರ ಜೊತೆ ಬಂದ ಆಂಗ್ಲೋ ಇಂಡಿಯನ್ ಕುಟುಂಬಗಳು ಹುಬ್ಬಳ್ಳಿಯ ಗದಗ ರಸ್ತೆ, ಕೇಶ್ವಾಪುರದ ಕಡೆ ನೆಲೆಸಿದವು. ಅವರಲ್ಲಿ ಪಿಯಾನೋ ಇದ್ದ ಮನೆಗಳಿದ್ದವು. ಸ್ವಾತಂತ್ರ್ಯದ ನಂತರ ಅನೇಕರು ಇಂಗ್ಲೆಂಡ್, ಆಸ್ಟ್ರೇಲಿಯಾಕ್ಕೆ ಹೋದರು. ಪಿಯಾನೋ ಹಡಗು ಹತ್ತಲಿಲ್ಲ. ಇನ್ನೂರು ಮುನ್ನೂರು ಕಿಲೋ ಭಾರದ್ದನ್ನು ಯಾರು ಒಯ್ಯುತ್ತಾರೆ? ಅಪ್ಪ ಹೇಳುತ್ತಿದ್ದರು, ಆಗ ಪಿಯಾನೋಕ್ಕಿಂತ ಅದರ ಸ್ಟೂಲಿಗೆ ಗಿರಾಕಿ ಹೆಚ್ಚಿದ್ದರಂತೆ.

ಮೂರು ನಾಟಕ ಕಂಪನಿಗಳು. ಇಲ್ಲಿಂದ ಬಂದದ್ದು ಪಿಯಾನೋ ಅಲ್ಲ, ಕಾಲುಪೇಟಿ ಮತ್ತು ಆರ್ಗನ್. ಗದಗ ಸೀಮೆ ಕಂಪನಿಗಳ ತವರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಅಲ್ಲಿಯದೇ. ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿಯನ್ನು ನೋಡಿ ಬೆಳೆದವರು ಊರೂರಿಗೆ ಇದ್ದಾರೆ. ಕಂಪನಿ ಮುಳುಗಿದಾಗ ಪರದೆ, ಕಿರೀಟದ ಜೊತೆಗೆ ಪೇಟಿಯೂ ಸಾಲ ಕೊಟ್ಟವನ ಮನೆ ಸೇರುತ್ತಿತ್ತು. ನಿಮ್ಮ ಮುತ್ತಜ್ಜ ಸಾವಕಾರಿಕೆ ಮಾಡುತ್ತಿದ್ದರೇ ಎಂದು ಮೆಲ್ಲಗೆ ವಿಚಾರಿಸಿ. ಕಂಪನಿಯ ಪೇಟಿಗೆ ಒಂದು ಗುರುತಿದೆ: ನಾಲ್ಕೂ ಮೂಲೆಗೆ ಕಬ್ಬಿಣದ ಪಟ್ಟಿ, ಪಕ್ಕದಲ್ಲಿ ಎತ್ತಲು ಹಿಡಿಕೆ, ಚಕ್ಕಡಿಯಲ್ಲಿ ಕುಲುಕಿ ಕುಲುಕಿ ಸವೆದ ತಳ.

ನಮ್ಮ ಪೇಟಿ ದೊಡ್ಡ ದೊಡ್ಡ ಗವಾಯಿಗಳು ಬಾರಿಸಿದ್ದಂತ. ರೇಟ್ ಹೆಚ್ಚಾಗತೈತಿ?

ಸಾಕ್ಷಿ ಇದ್ದರೆ ಹೌದು. ಬಾಯಿಮಾತಿಗೆ ಯಾರೂ ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲ.

ಇದು ಹುಬ್ಬಳ್ಳಿ ಧಾರವಾಡ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಇದ್ದ ಊರು. ಅವರು ಹಾಡಿದ ಮನೆಗಳು ನೂರಾರು ಇರಬಹುದು, ಅಂದಮೇಲೆ ಅವರ ಪಕ್ಕ ಕುಂತ ಪೇಟಿಗಳೂ ನೂರಾರು. ಕಥೆ ಸುಳ್ಳಾಗಿರಬೇಕೆಂದಿಲ್ಲ, ಆದರೆ ಫೋಟೋ, ಪತ್ರ, ಕಚೇರಿಯ ಆಮಂತ್ರಣ ಏನಾದರೂ ಬೇಕು. ಫೋಟೋದಲ್ಲಿ ಪೇಟಿಯ ಮುಂದಿನ ಹಲಗೆಯ ಕೆತ್ತನೆ ಕಂಡರೆ ಅದನ್ನು ನಿಮ್ಮ ಪೇಟಿಯ ಕೆತ್ತನೆಗೆ ಹೋಲಿಸಿ. ಕೈಕೆತ್ತನೆ ಎರಡು ಪೇಟಿಗಳಲ್ಲಿ ಒಂದೇ ತರ ಇರುವುದು ಅಪರೂಪ.

ಒಂದು ಕಥೆಯನ್ನು ಮಾತ್ರ ನಾನು ಕೇಳಿದ ಕೂಡಲೆ ಅನುಮಾನಿಸುತ್ತೇನೆ. "ಇದು 1955ರಾಗ ಧಾರವಾಡ ಆಕಾಶವಾಣಿಯಾಗ ಬಾರಿಸಿದ ಪೇಟಿ" ಎಂಬುದು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ಕ್ಕೆ. ಆದರೆ ಹಾರ್ಮೋನಿಯಂನಲ್ಲಿ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಬರುವುದಿಲ್ಲ, ಅದರ ಸ್ವರಗಳು ನಮ್ಮ ಶ್ರುತಿಗೆ ಸರಿಹೊಂದುವುದಿಲ್ಲ ಎಂದು 1940ರಿಂದಲೇ ರೇಡಿಯೋದಲ್ಲಿ ಅದಕ್ಕೆ ಬಹಿಷ್ಕಾರ ಇತ್ತು. ಅದು ಸಡಿಲವಾದದ್ದು 1970ರ ದಶಕದ ಶುರುವಿನಲ್ಲಿ. ಅಜ್ಜ ಆಕಾಶವಾಣಿಗೆ ಹೋಗಿದ್ದು ಖರೇ ಇರಬಹುದು. ಪೇಟಿ ಮನೆಯಲ್ಲೇ ಇತ್ತು.

ಪೇಟಿ ಕಿಮ್ಮತ್ತು ಯಾವುದರ ಮ್ಯಾಲೆ?

ರೀಡಿನ ಮೇಲೆ. ಸಾಗವಾನಿ, ಕೆತ್ತನೆ, ದಂತದಂಥ ಗುಂಡಿ ಎಲ್ಲಾ ಆಮೇಲೆ. ಪೇಟಿಯ ಒಳಗಿನ ರೀಡಿನ ಹಲಗೆ ಎತ್ತಿ ನೋಡಿ. ಹಿತ್ತಾಳೆಯ ಪಟ್ಟಿಯ ಮೇಲೆ ಸಣ್ಣ ಅಕ್ಷರ ಒತ್ತಿರುತ್ತಾರೆ. ಪ್ಯಾರಿಸ್ಸಿನ ಕಸ್ರಿಯಲ್, ಜರ್ಮನಿಯ ಜ್ಯೂಬಿಲೇಟ್ ಎಂದು ಕಂಡರೆ ಪೇಟಿಯ ಮೈ ಮುರಿದಿದ್ದರೂ ಕೊಳ್ಳುವವರು ಇದ್ದಾರೆ, ರೀಡು ತೆಗೆದು ಹೊಸ ಪೆಟ್ಟಿಗೆಗೆ ಹಾಕಿಸುತ್ತಾರೆ. ಗುಜರಾತಿನ ಪಾಲಿತಾಣಾದ ರೀಡುಗಳಲ್ಲೂ ಹಳೆಯವು ಚೆನ್ನಾಗಿರುತ್ತವೆ.

ಹೆಸರು ನೋಡಿ ಹಿಗ್ಗುವ ಮುಂಚೆ ಭೂತಗನ್ನಡಿ ಹಿಡಿದು ರೀಡಿನ ನಾಲಗೆ ನೋಡಿ. ಶ್ರುತಿ ಏರಿಸಲು ತುದಿಯಲ್ಲಿ ಕೆರೆಯುತ್ತಾರೆ, ಇಳಿಸಲು ಬುಡದಲ್ಲಿ. ಐವತ್ತು ವರ್ಷದಲ್ಲಿ ಹತ್ತು ಕೈ ಹತ್ತು ಸಲ ಕೆರೆದ ರೀಡಿನ ಮೇಲೆ ಗೀರಿನ ಮೇಲೆ ಗೀರು, ಬೆಕ್ಕು ಪರಚಿದ ಹಾಗೆ ಕಾಣುತ್ತದೆ. ಅಂಥ ರೀಡು ಯಾವಾಗ ಬೇಕಾದರೂ ಮುರಿಯುತ್ತದೆ. ಗೀರಿಲ್ಲದ ಸಾದಾ ರೀಡು ಗೀರು ತುಂಬಿದ ಪ್ಯಾರಿಸ್ ರೀಡಿಗಿಂತ ಮೇಲು ಎಂಬುದು ನನ್ನ ಅನಿಸಿಕೆ. ಒಪ್ಪದವರು ಬಹಳ ಜನ ಇದ್ದಾರೆ.

ಆಮೇಲೆ ಖರ್ಜ, ನರ, ಮಾದಿ (ತಗ್ಗು, ನಡು, ಎತ್ತರದ ದನಿ) ಎಂದು ಎಷ್ಟು ಸಾಲು ರೀಡು ಇವೆ ನೋಡಿ. ಗಾಳಿ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು: ಭಾತಾ, ಅಂದರೆ ಗಾಳಿ ಹಾಕುವ ತಿದಿ, ಪೂರ್ತಿ ತುಂಬಿ, ಯಾವ ಕೀಯೂ ಒತ್ತದೆ ಬಿಟ್ಟುಬಿಡಿ. ಮೆಲ್ಲಗೆ ಇಳಿದರೆ ಒಳ್ಳೆಯದು. ಉಸ್ಸೆಂದು ಕುಸಿದರೆ ಚರ್ಮ ಹೋಗಿದೆ ಅಥವಾ ಮರ ಸೀಳಿದೆ. ಚರ್ಮ ಬದಲಿಸುವುದು ದೊಡ್ಡ ಮಾತಲ್ಲ.

ಹಂಗಾದ್ರ ಪಿಯಾನೋಕ್ಕ ಎಷ್ಟ ಬರ್ತೈತಿ? ಒಂದ ಅಂಕಿ ಹೇಳ್ರಿ.

ಫೋನಿನಲ್ಲಿ ಅಂಕಿ ಹೇಳುವವರನ್ನು ನಂಬಬೇಡಿ, ನಾನು ಹೇಳಿದರೂ.

ಒಂದು ಪಿಯಾನೋಕ್ಕೆ ಮೂರು ಬೆಲೆ ಇರುತ್ತವೆ. ನುಡಿಸುವವನು ಕೊಡುವ ಬೆಲೆ, ಮನೆಯ ಅಂದಕ್ಕೆ ಕೊಳ್ಳುವವನ ಬೆಲೆ, ಕಟ್ಟಿಗೆ ಮತ್ತು ಕಬ್ಬಿಣದ ಬೆಲೆ. ಜನ ಅಂತರ್ಜಾಲದಲ್ಲಿ ನೋಡುವುದು ನಾಲ್ಕನೆಯದು, ಲಂಡನ್ನಿನ ಹರಾಜಿನಲ್ಲಿ ಹೆಸರಾಂತ ಕಂಪನಿಯ, ಪೂರ್ತಿ ದುರಸ್ತಿಯಾದ ಗ್ರ್ಯಾಂಡ್ ಪಿಯಾನೋಕ್ಕೆ ಬಂದ ಬೆಲೆ. ಅದಕ್ಕೂ ನಿಮ್ಮ ಪಡಸಾಲೆಗೂ ಸಂಬಂಧವಿಲ್ಲ.

ಗದಗಿನಲ್ಲಿ ಒಂದು ಮನೆಗೆ ಪಾಲಿನ ಹೊತ್ತಿಗೆ ಹೋಗಿದ್ದೆ. ಅಣ್ಣ ಪಿಯಾನೋ ತಗೊಂಡು ಹೊಲದ ಪಾಲಿನಲ್ಲಿ ಅಷ್ಟು ಬಿಡುವುದೆಂದು ಮಾತಾಗಿತ್ತು. ನಾನು ಶ್ರುತಿಯ ಚಾವಿ ಹಾಕಿ ಒಂದು ಮೊಳೆ ತಿರುಗಿಸಿದೆ. ಬೆಣ್ಣೆಯಲ್ಲಿ ಚಮಚೆ ತಿರುಗಿದ ಹಾಗೆ ತಿರುಗಿತು. ಹತ್ತು ಮೊಳೆ ನೋಡಿದೆ, ಹತ್ತೂ ಹಾಗೇ. ಆ ಮೊಳೆಗಳು ಕೂತಿರುವುದು ದಪ್ಪನೆಯ ಮರದ ಹಲಗೆಯಲ್ಲಿ. ಸುಮಾರು 220 ತಂತಿಗಳು ಕೂಡಿ ಈಗಿನ ಪಿಯಾನೋದಲ್ಲಿ 15ರಿಂದ 20 ಟನ್ ಎಳೆತ ಇರುತ್ತದೆ. ಆ ಹಲಗೆ ಸೀಳಿದರೆ ಶ್ರುತಿ ನಿಲ್ಲುವುದಿಲ್ಲ. ಇವತ್ತು ಕೂಡಿಸಿದರೆ ನಾಳೆ ಬೆಳಿಗ್ಗೆ ಇಳಿದಿರುತ್ತದೆ. "ಇದು ನುಡಿಸೋ ಪಿಯಾನೋ ಅಲ್ರಿ, ಕಪಾಟ" ಎಂದೆ. ಅಣ್ಣ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ತಮ್ಮ ಚಹಾ ತರಿಸಿದರು. ಈಗಲೂ ಅದು ಆ ಮನೆಯಲ್ಲೇ ಇದೆ, ಮೇಲೆ ಟಿ.ವಿ. ಇಟ್ಟಿದ್ದಾರೆ.

ಹಾಗಾಗಿ ಬೆಲೆ ಕೇಳುವ ಮುಂಚೆ ಐದು ನೋಡಬೇಕು: ಮೊಳೆ ಬಿಗಿ ಇವೆಯೇ, ಕಬ್ಬಿಣದ ಚೌಕಟ್ಟಿನಲ್ಲಿ ಬಿರುಕು ಇದೆಯೇ, ಹಿಂದಿನ ನಾದದ ಹಲಗೆ ಸೀಳಿದೆಯೇ, ತಂತಿಗೆ ಎಷ್ಟು ತುಕ್ಕು, ಸುತ್ತಿಗೆಯ ಉಣ್ಣೆಯನ್ನು ನುಸಿ ಎಷ್ಟು ತಿಂದಿದೆ. ಚೌಕಟ್ಟು ಒಡೆದಿದ್ದರೆ ಅಲ್ಲಿಗೆ ನಿಲ್ಲಿಸಿ. ಉಣ್ಣೆ ತಿಂದಿದ್ದರೆ ಅದು ಖರ್ಚಿನ ಮಾತು, ಸಾವಿನ ಮಾತಲ್ಲ. ಒಳಗೆ ಗೆದ್ದಲು ಇದ್ದರೆ ಪಿಯಾನೋಕ್ಕಿಂತ ಮೊದಲು ನಿಮ್ಮ ಬಾಗಿಲ ಚೌಕಟ್ಟು ನೋಡಿಕೊಳ್ಳಿ.

ಕೊಳ್ಳುವವನ ಲೆಕ್ಕವನ್ನೂ ನೀವೇ ಹಾಕಿ ನೋಡಿ. ಒಂದು ಸಾದಾ ಹೊಸ ಪಿಯಾನೋ ಅಥವಾ ಡಿಜಿಟಲ್ ಕೀಬೋರ್ಡಿನ ಬೆಲೆ ಎಷ್ಟು? ಅದರಿಂದ ಎತ್ತಿ ಸಾಗಿಸುವ ಕೂಲಿ, ಹೊರಗಿನಿಂದ ಬರುವ ಶ್ರುತಿಗಾರನ ಓಡಾಟ, ರಿಪೇರಿ ಎಲ್ಲಾ ಕಳೆಯಿರಿ. ಉಳಿದದ್ದು ನಿಮ್ಮ ಬೆಲೆ. ಹಲವು ಸಲ ಏನೂ ಉಳಿಯುವುದಿಲ್ಲ.

ಇನ್ನೂ ಒಂದು: ಕೊಳ್ಳಲು ಬಂದವನನ್ನೇ ಬೆಲೆ ಕಟ್ಟಲು ಕೂಡಿಸಬೇಡಿ. ಬೆಲೆ ಕಟ್ಟುವವರಿಗೆ ಒಂದಿಷ್ಟು ಫೀ ಕೊಟ್ಟು ಕರೆಸಿ. ನನ್ನನ್ನು ಕರೆಸಿದರೆ ನಾನು ಕೊಳ್ಳುವುದಿಲ್ಲ, ಕೊಳ್ಳುವುದಾದರೆ ಬೆಲೆ ಕಟ್ಟುವುದಿಲ್ಲ.

ಬಿಳಿ ಕೀ ಆನೀ ದಂತದ್ದಂತ. ಬರೇ ಅವನ್ನ ಮಾರಬಹುದೇನು?

ಮಾರಬೇಡಿ, ಜೈಲಿನ ಮಾತದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ತಿದ್ದುಪಡಿ ಮಾಡಿ ನಮ್ಮ ಆನೆಯ ದಂತದ ವ್ಯಾಪಾರ ನಿಲ್ಲಿಸಿದರು, 1991ರಲ್ಲಿ ಆಫ್ರಿಕಾದಿಂದ ಬಂದ ದಂತದ್ದೂ. ನೂರು ವರ್ಷ ಹಳೆಯದು ಎಂಬ ನೆಪ ನಡೆಯುವುದಿಲ್ಲ. ದಂತ ಇರುವ ಪಿಯಾನೋ ಮಾರುವುದಿದ್ದರೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ.

ದಂತ ಹೌದೋ ಅಲ್ಲವೋ ಎಂದು ಕಣ್ಣಿನಿಂದಲೇ ತಿಳಿಯಬಹುದು. ದಂತದ ಹೊದಿಕೆ ಸಾಮಾನ್ಯವಾಗಿ ಎರಡು ತುಂಡಿನದು, ಕರಿ ಕೀ ಶುರುವಾಗುವ ಜಾಗದಲ್ಲಿ ಕೂದಲೆಳೆಯಷ್ಟು ಗೆರೆ ಕಾಣುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮರದ ಎಳೆಯಂಥ ಸಣ್ಣ ಗೆರೆಗಳಿರುತ್ತವೆ. ಒಂದೇ ತುಂಡು, ಗೆರೆ ಇಲ್ಲ ಎಂದರೆ ಸೆಲ್ಯುಲಾಯ್ಡ್ ಅಥವಾ ಪ್ಲಾಸ್ಟಿಕ್. ಕಾಯಿಸಿದ ಸೂಜಿ ಚುಚ್ಚಿ ನೋಡುವ ಉಪಾಯ ಯಾರೋ ಹೇಳುತ್ತಾರೆ. ಮಾಡಬೇಡಿ, ಸೆಲ್ಯುಲಾಯ್ಡ್ ಭಗ್ಗನೆ ಹತ್ತಿಕೊಳ್ಳುತ್ತದೆ.

ಮಗ ಅಮೆರಿಕಾದಾಗ ಅದಾನ. ಅಲ್ಲಿಗೆ ಕಳಸಬಹುದ?

ನೂರು ವರ್ಷ ದಾಟಿದ, ಚರಿತ್ರೆಯ ಮಹತ್ವ ಇರುವ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, 1972ರ ಪುರಾವಸ್ತು ಕಾಯ್ದೆ ಹಾಗೆ ಹೇಳುತ್ತದೆ. ನಿಮ್ಮದು ಅದರಲ್ಲಿ ಬರುವುದಿಲ್ಲ ಎಂದು ಪುರಾತತ್ವ ಸರ್ವೇಕ್ಷಣೆಯಿಂದ ಪ್ರಮಾಣಪತ್ರ ಪಡೆಯಬಹುದು. ಅವರ ವೃತ್ತ ಕಚೇರಿ ಧಾರವಾಡದಲ್ಲೇ ಇದೆ, ಅಲ್ಲಿ ವಿಚಾರಿಸಿ. ದಂತ ಇದ್ದರೆ ಆ ಆಸೆ ಬಿಡಿ. ಇಷ್ಟೆಲ್ಲಾ ಮಾಡಿ ಕಳಿಸಿದ ಮೇಲೂ ಅಲ್ಲಿಯ ಚಳಿಗಾಲದ ಹೀಟರಿನ ಒಣ ಗಾಳಿಗೆ ಹಲಗೆ ಸೀಳುತ್ತದೆ. ಮಗನಿಗೆ ಫೋಟೋ ಕಳಿಸಿ.

ರಿಪೇರಿ ಮಾಡ್ಸೋದು ಛಲೋನೋ, ಹಂಗ ಬಿಡೋದು ಛಲೋನೋ?

ಮನೆಯಲ್ಲಿ ಕಲಿಯುವ ಮಗು ಇದ್ದು, ಮೊಳೆಗಳು ಬಿಗಿ ಇದ್ದರೆ ಮಾಡಿಸಿ. ಮಾರಿ ಲಾಭ ಮಾಡಲೆಂದು ರಿಪೇರಿ ಮಾಡಿಸಿದರೆ ಹಾಕಿದ ದುಡ್ಡು ತಿರುಗಿ ಬರುವುದಿಲ್ಲ. ಬೆಲೆ ಇರುವ ವಾದ್ಯವಾದರೆ ಹಳೇ ಪಾಲಿಶ್ ಕೆರೆದು ಹೊಸ ಪಾಲಿಶ್ ಹಚ್ಚಿಸುವುದು ಅದರ ಬೆಲೆ ಇಳಿಸುವ ನೇರ ದಾರಿ. ತೆಗೆದ ಹಳೇ ಭಾಗಗಳನ್ನು, ಮುರಿದ ಸುತ್ತಿಗೆಯನ್ನೂ, ಒಂದು ಡಬ್ಬಿಯಲ್ಲಿ ಹಾಕಿ ಪಿಯಾನೋದ ಒಳಗೇ ಇಡಲು ಹೇಳಿ.

ಧಾರವಾಡದಿಂದ ಗದಗಕ್ಕ ಒಯ್ಯೋದೈತಿ, ಏನರ ತ್ರಾಸ?

ದೂರ ಕಡಿಮೆ, ಹವೆ ಬೇರೆ. ಮಲೆನಾಡ ಸೆರಗಿನ ಧಾರವಾಡದ ತಂಪು ಕುಡಿದ ಮರ ಗದಗಿನ ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಒಯ್ಯಬೇಡಿ, ಮಳೆಗಾಲ ಮುಗಿದ ಮೇಲೆ ಒಯ್ಯಿರಿ. ಹೊರಗೋಡೆಗೆ, ಕಿಟಕಿಗೆ ಆನಿಸಿ ಇಡಬೇಡಿ. ಶ್ರುತಿ ಮಾಡಿಸಲು ಒಂದು ತಿಂಗಳಾದರೂ ತಡೆಯಿರಿ. ಸಾಗಿಸುವಾಗ ಪಿಯಾನೋವನ್ನು ಅಡ್ಡ ಮಲಗಿಸಬೇಡಿ. ಆರು ಜನ ಹಮಾಲರು ಬೇಕು, ನಾಲ್ಕು ಜನ ಸಾಕೆಂದು ಚೌಕಾಸಿ ಮಾಡಬೇಡಿ.

ಯಾರೂ ತೊಗೊಳ್ಳಾಕ ತಯಾರಿಲ್ಲ. ಏನ್ ಮಾಡೂದು?

ನುಡಿಯುವ ಪೇಟಿಯಾದರೆ ಸಂಗೀತ ಕಲಿಸುವವರಿಗೆ ಕೊಡಿ. ಗದಗ, ಧಾರವಾಡದಲ್ಲಿ ಅಂಥ ಮನೆ, ಮಠ, ಆಶ್ರಮಗಳಿಗೆ ಬರವಿಲ್ಲ. ಮೊದಲು ಕೇಳಿ, ಆಮೇಲೆ ಟೆಂಪೋ ಹೇಳಿ. ನುಡಿಯದ ಪಿಯಾನೋ ಚರ್ಚಿಗೆ ದಾನ ಕೊಡುವವರು ಬಹಳ, ಅದನ್ನು ಸಾಗಹಾಕುವ ಕೆಲಸ ಪಾದ್ರಿಗಳಿಗೆ ಬರುತ್ತದೆ, ಅದು ನ್ಯಾಯವಲ್ಲ. ಒಡೆಯುವುದೇ ಆದರೆ ತಂತಿಗಳನ್ನು ಮೊದಲು ಮೆಲ್ಲಗೆ, ಎಲ್ಲಾ ಕಡೆಯಿಂದ ಸಮನಾಗಿ ಸಡಿಲಿಸಬೇಕು. ಬಿಗಿ ತಂತಿ ಕತ್ತರಿಸಿದರೆ ಮುಖಕ್ಕೆ ಹಾರುತ್ತದೆ. ಒಡೆಯುವ ಮುಂಚೆ ಮೊದಲ ಮತ್ತು ಕೊನೆಯ ಕೀ ತೆಗೆದಿಟ್ಟುಕೊಳ್ಳಿ.

ನಿಮಗ ಫೋಟೋ ಕಳಸ್ತೀವಿ. ಯಾವ ಯಾವ ಬೇಕು?

ಮುಂದಿನಿಂದ ಪೂರ್ತಿ ಒಂದು. ಮುಚ್ಚಳ ತೆರೆದು ಹೆಸರಿನದೊಂದು. ಮೇಲಿಂದ ಒಳಗೆ, ಮೊಳೆಗಳ ಸಾಲು ಮತ್ತು ಸುತ್ತಿಗೆ ಕಾಣುವಂತೆ ಎರಡು. ಹಿಂಬದಿಯದು. ನಂಬರ್ ಇದ್ದರೆ ಅದರದು, ಟಾರ್ಚ್ ಪಕ್ಕದಿಂದ ಹಿಡಿದು. ಪೇಟಿಯಾದರೆ ರೀಡಿನ ಮೇಲಿನ ಅಕ್ಷರ. ಪಿಯಾನೋದ ಮೇಲಿನ ದೇವರ ಫೋಟೋ, ಹೂದಾನಿ, ಮಕ್ಕಳ ಟ್ರೋಫಿ ದಯಮಾಡಿ ಇಳಿಸಿ ತೆಗೆಯಿರಿ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರಿದ್ದಾರೋ ಅವರನ್ನು ಆ ವಾದ್ಯದ ಮುಂದೆ ಕೂಡಿಸಿ, "ಇದು ಮೊದಲು ಯಾವ ಕೋಣ್ಯಾಗ ಇತ್ತು?" ಎಂದು ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅದನ್ನೂ ಕಳಿಸಿ. "ಯಾವ ಇಸ್ವಿ?" ಎಂದು ಕೇಳಿದರೆ ಯಾರಿಗೂ ನೆನಪಾಗುವುದಿಲ್ಲ. ಕೋಣೆ ಕೇಳಿದರೆ ಕಿಟಕಿ ನೆನಪಾಗುತ್ತದೆ, ಕಿಟಕಿಯಿಂದ ಆ ವರ್ಷ ಸತ್ತ ಎಮ್ಮೆ ನೆನಪಾಗುತ್ತದೆ, ಅಲ್ಲಿಂದ ನಾವು ಇಸ್ವಿ ಹಿಡಿಯುತ್ತೇವೆ.